ಅಣ್ಣ ಕಳಿಸಿದ ಹಲಸಿನ ಹಲಗೆ

ಮನೆ ಕಟ್ಟಿಸುವವರೆಗೆ ನಾನು ಇಷ್ಟು ಅನುಮಾನದ ಹೆಂಗಸಾಗಿರಲಿಲ್ಲ ಎಂದು ನನ್ನ ಗಂಡ ಹೇಳುತ್ತಾರೆ. ಅದು ಸುಳ್ಳು. ನಾನು ಮೊದಲಿನಿಂದಲೂ ಹೀಗೇ. ಅಂಗಡಿಗೆ ಹೋದರೆ ತಕ್ಕಡಿಯನ್ನಲ್ಲ, ತೂಗುವವನ ಕೈಯನ್ನು ನೋಡುವವಳು. ಮಳವಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಉತ್ತರ ಸರಿಯಿದ್ದರೂ, ಪಕ್ಕದವನದು ನೋಡಿ ಬರೆದಿರಬಹುದೇ ಎಂದು ಲೆಕ್ಕದ ಮಧ್ಯದ ಸಾಲುಗಳ ಮೇಲೆ ಮತ್ತೊಮ್ಮೆ ಕಣ್ಣಾಡಿಸುವುದು ಅಭ್ಯಾಸವಾಗಿಬಿಟ್ಟಿದೆ. ಮನೆ ಕಟ್ಟಿಸಿದ್ದರಿಂದ ಆದದ್ದು ಇಷ್ಟೇ, ಆ ಅಭ್ಯಾಸಕ್ಕೆ ಕೈತುಂಬ ಕೆಲಸ ಸಿಕ್ಕಿತು.

ನಮ್ಮ ಸೈಟು ಇರುವುದು ಮದ್ದೂರಿನ ಹೊರಗೆ, ಊರು ಮುಗಿದು ಕಬ್ಬಿನ ಗದ್ದೆ ಶುರುವಾಗುವ ಕಡೆ. ಗಂಡನಿಗೆ ಮಂಡ್ಯದಲ್ಲಿ ಆಫೀಸು, ನನಗೆ ಮಳವಳ್ಳಿಯಲ್ಲಿ ಶಾಲೆ. ಇಬ್ಬರಿಗೂ ಓಡಾಡಲು ಸಮ ಆಗಲಿ ಎಂದು ನಡುವೆ ಮನೆ. ಗೋಡೆ ಎದ್ದು, ತಾರಸಿ ಬಿದ್ದು, ಗಾರೆ ಮುಗಿಯುವ ಹೊತ್ತಿಗೆ ಬ್ಯಾಂಕಿನಿಂದ ತಂದ ಸಾಲ ಮುಕ್ಕಾಲು ಪಾಲು ಕರಗಿತ್ತು. ರಸ್ತೆಯಲ್ಲಿ ಹೋಗುವವರಿಗೆ ಅದು ಮುಗಿದ ಮನೆ. 'ಏನ್ ಮೇಡಂ, ಮನೆ ಆಗೋಯ್ತಲ್ಲ' ಎಂದು ಎಲ್ಲರೂ ನಗುತ್ತಾ ಕೇಳುವರು. ಒಳಗೆ ಹೋಗಿ ನೋಡಿದರೆ ಸಿಮೆಂಟಿನ ನೆಲ, ಗೋಡೆಯಿಂದ ಇಣುಕುವ ವೈರು, ಬಾಗಿಲಿಲ್ಲದ ಕೋಣೆಗಳು. ಮನೆ ಕಟ್ಟುವುದಕ್ಕೆ ಒಂದು ಲೆಕ್ಕ ಸಿಗುತ್ತದೆ, ಚದರಕ್ಕೆ ಇಷ್ಟು ಎಂದು ಯಾರಾದರೂ ಹೇಳುತ್ತಾರೆ. ಒಳಗಿನ ಕೆಲಸಕ್ಕೆ ಮಾತ್ರ ಯಾರ ಬಾಯಲ್ಲೂ ಖಚಿತವಾದ ಒಂದು ಮಾತು ಬರುವುದಿಲ್ಲ. ಎಲ್ಲರೂ ಹೇಳುವುದು ಒಂದೇ, 'ನಿಮಗೆ ಹೆಂಗೆ ಬೇಕೋ ಹಂಗೆ'. ಈ ಮಾತು ಕೇಳಿದಾಗಲೆಲ್ಲ ನನ್ನ ಕೈ ತಾನಾಗಿಯೇ ವ್ಯಾನಿಟಿ ಬ್ಯಾಗಿನ ಜಿಪ್ಪಿನ ಮೇಲೆ ಹೋಗುತ್ತಿತ್ತು.

ಉಳಿದ ದುಡ್ಡನ್ನು ನಾನೇ ಹಂಚಿದೆ. ನೆಲಕ್ಕೆ ಇಷ್ಟು, ಬಣ್ಣಕ್ಕೆ ಇಷ್ಟು, ಅಡುಗೆಮನೆಯ ಗ್ರಾನೈಟಿಗೆ ಇಷ್ಟು, ಮರದ ಕೆಲಸಕ್ಕೆ ಇಷ್ಟು, ಗೃಹಪ್ರವೇಶದ ಊಟಕ್ಕೆ ಇಷ್ಟು. ಹಂಚಿದ ಮೇಲೆ ಒಬ್ಬೊಬ್ಬರನ್ನಾಗಿ ಅನುಮಾನಿಸಲು ಶುರುಮಾಡಿದೆ. ಮೊದಲನೆಯವನು ನೆಲ ಹಾಕುವ ಗಾರೆಯವನು. ಮಂಡ್ಯದ ಟೈಲ್ಸ್ ಅಂಗಡಿಗೆ ಅವನನ್ನೂ ಕರೆದುಕೊಂಡು ಹೋದೆವು. ಅಂಗಡಿಯವನು ದುಡ್ಡು ಕೊಡುವ ನಮ್ಮನ್ನು ಬಿಟ್ಟು ಮೊದಲು ಅವನಿಗೆ ಟೀ ತರಿಸಿದ. ಅಲ್ಲೇ ನನಗೆ ಅರ್ಥವಾಯಿತು. ಎರಡು ದಿನ ಬಿಟ್ಟು, ಶಾಲೆಗೆ ರಜೆ ಹಾಕಿ, ಅದೇ ಅಂಗಡಿಗೆ ಒಬ್ಬಳೇ ಹೋದೆ. ಕೆಲಸದ ಹುಡುಗ ನನ್ನ ಗುರುತು ಹಿಡಿಯದೆ ಅದೇ ಟೈಲ್ಸಿಗೆ ಪೆಟ್ಟಿಗೆಯೊಂದಕ್ಕೆ ಕಡಿಮೆ ರೇಟು ಹೇಳಿದ. ಗಾರೆಯವನ ಪಾಲು ಎಷ್ಟು ಎಂಬುದು ಅಲ್ಲಿಗೆ ಲೆಕ್ಕವಾಯಿತು. ಬಣ್ಣದವನು ಇನ್ನೂ ಜಾಣ. ಬಣ್ಣದ ಬಕೆಟ್ಟಿನೊಳಗೆ ಪೇಂಟರುಗಳಿಗೆ ಎಂದೇ ಕಂಪನಿಯವರು ಒಂದು ಟೋಕನ್ ಇಟ್ಟಿರುತ್ತಾರೆ, ಅದನ್ನು ಕೊಟ್ಟರೆ ದುಡ್ಡು ಬರುತ್ತದೆ ಎಂದು ನನಗೆ ಸ್ಟಾಫ್ ರೂಮಿನಲ್ಲಿ ಗೊತ್ತಾಯಿತು. ನಮ್ಮ ಮನೆಗೆ ಮಾತ್ರ ಯಾಕೆ ಅಷ್ಟು ಬಕೆಟ್ಟು ಬೇಕಾಗಿತ್ತು ಎಂಬುದೂ ಆಗಲೇ ಗೊತ್ತಾಯಿತು. ಆಮೇಲೆ ಪ್ರತಿ ಬಕೆಟ್ಟಿನ ಮುಚ್ಚಳವನ್ನು ನಾನೇ ನಿಂತು ತೆಗೆಸಿದೆ. ಟೋಕನ್ ಅವನಿಗೇ ಕೊಟ್ಟೆ, ಆದರೆ ನನ್ನ ಕೈಯಿಂದ ಕೊಟ್ಟೆ. ಗಂಡ ನನ್ನನ್ನು ಸಿಐಡಿ ಎಂದು ಕರೆಯಲು ಶುರುಮಾಡಿದ್ದು ಆ ವಾರ.

ಇವೆಲ್ಲ ಚಿಲ್ಲರೆ. ದೊಡ್ಡ ಪೆಟ್ಟು ಬಿದ್ದದ್ದು ಮರದ ಕೆಲಸದಲ್ಲಿ. ಮಳವಳ್ಳಿಯ ಆಚಾರಿ ಒಬ್ಬರನ್ನು ಗೊತ್ತುಮಾಡಿದ್ದೆವು. ಅವರು ಟೇಪು ಹಿಡಿದು ಮನೆಯೆಲ್ಲ ಅಳೆದು, ಬೀರುಗಳಿಗೆ, ಅಡುಗೆಮನೆಯ ಕಪಾಟಿಗೆ, ದೇವರಮನೆಗೆ, ಅಟ್ಟದ ಬಾಗಿಲುಗಳಿಗೆ ಎಂದು ಒಂದು ಮೊತ್ತ ಹೇಳಿದರು. ಅದು ನಮ್ಮ ಕೈಯಲ್ಲಿ ಉಳಿದಿದ್ದ ದುಡ್ಡಿನ ಅರ್ಧವನ್ನು ದಾಟಿತ್ತು. ಗಂಡ ಗೋಡೆ ನೋಡುತ್ತಾ ನಿಂತರು. ನಾನು ಆಚಾರಿಯ ಮುಖ ನೋಡುತ್ತಾ ನಿಂತೆ. ಒಂದು ಬೀರು ಬಿಡಿ, ಅಟ್ಟ ಬಿಡಿ ಎಂದರೂ ಲೆಕ್ಕ ಒಳಗೆ ಬರಲಿಲ್ಲ.

ಆ ಸಮಯಕ್ಕೆ ಸರಿಯಾಗಿ ಅಣ್ಣನ ಫೋನು ಬಂತು. ಅಣ್ಣ ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ಕೆರಗೋಡಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪನ ಜಮೀನು ನೋಡಿಕೊಂಡಿದ್ದಾನೆ. ಹೆಚ್ಚು ಮಾತಿನವನಲ್ಲ.

"ಅವ್ವನ ಅಲಸಿನ ಮರ ಕುಯ್ಸಿದೀನಿ ಕಣವ್ವ. ಅಲಗೆ ಒಣ್ಗದೆ. ಮನೆಗೆ ಬೇಕಾದ್ರೆ ಏಳು, ಟ್ಯಾಕ್ಟ್ರಲ್ಲಿ ಕಳುಸ್ತೀನಿ" ಎಂದ.

ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಪಂಪ್‌ಸೆಟ್ ಮನೆಯ ಹಿಂದೆ ನೆಟ್ಟ ಮರ ಅದು. ಅದರ ಕೊಂಬೆ ಮುರಿದರೆ ಅಣ್ಣ ಬೈಯುತ್ತಿದ್ದ. ಅಂಥವನು ಇಡೀ ಮರವನ್ನೇ ಕುಯ್ಸಿದ್ದ. ಯಾವಾಗ ಕುಯ್ಸಿದ್ದು ಎಂದು ಕೇಳಿದರೆ, ಹೋದ ವರ್ಷ, ನಮ್ಮ ಮನೆಯ ಗುದ್ದಲಿ ಪೂಜೆ ಮುಗಿಸಿ ಹೋದಮೇಲೆ ಎಂದ. ಅಂದರೆ ಒಂದು ವರ್ಷದಿಂದ ನನಗೆ ಒಂದು ಮಾತೂ ಹೇಳದೆ ಹಲಗೆ ಒಣಗಿಸುತ್ತಿದ್ದಾನೆ. ಫೋನ್ ಇಟ್ಟ ಮೇಲೆ ಸಂತೋಷವಾಗಬೇಕಿತ್ತು. ನನಗೆ ಆದದ್ದು ಭಯ.

ಯಾಕೆಂದರೆ ಅವ್ವ, ಅಪ್ಪ ಇಬ್ಬರೂ ಹೋದ ಮೇಲೆ ಆ ಜಮೀನು ಇನ್ನೂ ಪಾಲಾಗಿರಲಿಲ್ಲ. ಪಹಣಿಯಲ್ಲಿ ಅಣ್ಣನ ಹೆಸರಿನ ಕೆಳಗೆ ನನ್ನ ಹೆಸರೂ ಇದೆ. ನಾಲೆಯ ನೀರು ಹರಿಯುವ ಗದ್ದೆ, ಬೆಲೆ ಏನೆಂದು ಎಲ್ಲರಿಗೂ ಗೊತ್ತು. ನಾನು ಪಾಲು ಕೇಳಿರಲಿಲ್ಲ, ಅಣ್ಣ ಬಿಟ್ಟುಕೊಡು ಎಂದಿರಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳ ಸೈನು ತೆಗೆದುಕೊಳ್ಳುವುದು ಹೇಗೆಂದು ನನ್ನ ಸ್ಟಾಫ್ ರೂಮಿನಲ್ಲೇ ಕಂಡಿದ್ದೇನೆ. ತವರಿಂದ ಕರೆ ಬರುತ್ತದೆ, ಹಬ್ಬದೂಟ, ಮಡಿಲಕ್ಕಿ, ಒಳ್ಳೆಯ ರೇಷ್ಮೆ ಸೀರೆ. ಮಾರನೇ ದಿನ ಕಾರಿನಲ್ಲಿ ಕೂರಿಸಿಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ. ಕನ್ನಡದ ಮೇಡಂ ಮನೆ ಗೃಹಪ್ರವೇಶಕ್ಕೆ ಅವರ ಅಣ್ಣ ಉಂಗುರ ತಂದ. ಮುಂದಿನ ವಾರ ಹಕ್ಕು ಬಿಡುಗಡೆ ಪತ್ರ ತಂದ. ಬೇಡ ಎನ್ನಲು ಬಾಯಿ ಬರಲಿಲ್ಲ ಎಂದು ಅವರು ಟಿಫನ್ ಡಬ್ಬಿ ಮುಂದಿಟ್ಟುಕೊಂಡು ಅತ್ತಿದ್ದರು. ಹಾಗಾಗಿ ನನ್ನ ಲೆಕ್ಕ ಸರಳವಾಗಿತ್ತು. ಮರ ಇಸಿದುಕೊಂಡರೆ ನಾಳೆ ಸೈನು ಕೇಳಿದಾಗ ಇಲ್ಲ ಎನ್ನಲಾಗುವುದಿಲ್ಲ. ಮರ ಬೇಡ ಎಂದರೆ ಅಣ್ಣನೇ ಹೋಗುತ್ತಾನೆ. ನನಗೆ ತವರು ಎಂದು ಉಳಿದಿರುವುದು ಅವನೊಬ್ಬನೇ.

ಗಂಡನಿಗೆ ಹೇಳಿದೆ. ಅವರು ಸಲೀಸಾಗಿ, ಒಂದೂವರೆ ಲಕ್ಷ ಉಳಿಯುತ್ತದೆ, ಸುಮ್ಮನೆ ತೆಗೆದುಕೊ ಎಂದರು. ಅವರ ಮೇಲೂ ಅನುಮಾನ ಬಂತು. ಇವರಿಗೆ ಅಣ್ಣ ಮೊದಲೇ ಫೋನು ಮಾಡಿರಬಹುದೇ? ಅಂದು ಸಂಜೆ ಅವರು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡಿದೆ. ಮಾಡಿರಲಿಲ್ಲ. ಇದ್ದ ಕರೆಗಳೆಲ್ಲ ಗ್ರಾನೈಟಿನವನವು.

ಭಾನುವಾರ ಹಲಗೆ ನೋಡಲು ಊರಿಗೆ ಹೋದೆವು. ಅಂಗಳದಲ್ಲಿ ತಗಡಿನ ಶೀಟಿನ ಕೆಳಗೆ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ಗಾಳಿಯಾಡಲೆಂದು ನಡುನಡುವೆ ರೀಪರ್ ತುಂಡು ಇಟ್ಟಿದ್ದ. ಹಳದಿ ಬಣ್ಣದ ಅಗಲವಾದ ಹಲಗೆಗಳು, ಒಂದರಲ್ಲೂ ಬಿರುಕಿಲ್ಲ. ಅತ್ತಿಗೆ ಒಬ್ಬಟ್ಟು ಮಾಡಿದ್ದಳು. ಹಬ್ಬವಿಲ್ಲ, ಹರಿದಿನವಿಲ್ಲ, ಒಬ್ಬಟ್ಟು ಯಾಕೆ? ಅವಳು ಎಲೆಗೆ ಎರಡನೇ ಸಲ ತುಪ್ಪ ಬಡಿಸಲು ಬಂದಾಗ ಕೈ ಅಡ್ಡ ಹಿಡಿದೆ. ಹೊರಡುವಾಗ ಸಾಮಿಲ್ಲಿನ ಕೂಲಿ ಎಷ್ಟಾಯಿತು, ಕೊಡುತ್ತೇನೆ ಎಂದೆ. ಕೊಟ್ಟುಬಿಟ್ಟರೆ ಋಣ ಇರುವುದಿಲ್ಲ ಎಂಬುದು ನನ್ನ ಉಪಾಯ.

"ನಿಂತಾವ ಕೂಲಿ ಇಸ್ಕೊಳಾಕೆ ನಾನೇನು ಸಾಮಿಲ್ಲು ಮಡ್ಗಿದೀನಾ" ಎಂದು ಅಣ್ಣ ಎಮ್ಮೆಗೆ ಹುಲ್ಲು ಹಾಕಲು ಎದ್ದುಹೋದ.

ಅವನ ಹಿಂದೆಯೇ ಹೋದೆ. ಕೊಟ್ಟಿಗೆಯ ಪಕ್ಕದಲ್ಲಿ ಹೊಸದಾಗಿ ಪಾಯ ತೆಗೆದಿತ್ತು. ಏನಿದು ಎಂದೆ. ಹಸುಗಳಿಗೆ ದೊಡ್ಡ ಕೊಟ್ಟಿಗೆ ಕಟ್ಟಿಸೋಣ ಅಂತ, ಬ್ಯಾಂಕಲ್ಲಿ ಕೇಳಿದ್ದೀನಿ ಎಂದ. ಅಷ್ಟೇ ಸಾಕಾಯಿತು ನನಗೆ. ಜಮೀನಿನ ಮೇಲೆ ಸಾಲ ಕೊಡಬೇಕಾದರೆ ಪಹಣಿಯಲ್ಲಿ ಹೆಸರಿರುವವರೆಲ್ಲರ ಸೈನು ಬೇಕು ಎಂದು ಬ್ಯಾಂಕಿನವರು ಹೇಳುತ್ತಾರೆ, ಇಲ್ಲವೇ ಒಬ್ಬರ ಹೆಸರಿಗೆ ಮಾಡಿಸಿಕೊಂಡು ಬನ್ನಿ ಎನ್ನುತ್ತಾರೆ. ಮರ, ಒಬ್ಬಟ್ಟು, ಪಾಯ, ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಬಸ್ಸಿನಲ್ಲಿ ಮದ್ದೂರಿನವರೆಗೂ ಅದನ್ನೇ ಕೂಡಿ ಕಳೆದೆ.

ಹಾಗಂತ ಹಲಗೆ ಬೇಡ ಎನ್ನಲೂ ಇಲ್ಲ. ನನ್ನ ಬಜೆಟ್ಟು ನನ್ನನ್ನು ಹಾಗೆ ಮಾಡಲು ಬಿಡಲಿಲ್ಲ. ಮಾರನೇ ದಿನ ಮಳವಳ್ಳಿ ಬಸ್ಸಿನಲ್ಲಿ ಕುಳಿತಾಗ ನನಗೊಂದು ದಾರಿ ಹೊಳೆಯಿತು. ಈಗ ಹೇಳಲು ನಗು ಬರುತ್ತದೆ, ಅವತ್ತು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಹಲಗೆ ತೆಗೆದುಕೊಳ್ಳುವುದು. ಆದರೆ ಅದನ್ನು ಮನೆಗೆ ಸೇರಿಸಬಾರದು. ಬೀರಿನ ಒಳಮೈಯೆಲ್ಲ ಅಗ್ಗದ ಪ್ಲೈವುಡ್ಡು, ಅದು ನಮ್ಮ ದುಡ್ಡಿನದು. ಅಣ್ಣನ ಹಲಗೆ ಅದರ ಮುಂದೆ, ಹೊರಗಿನಿಂದ, ಬರೀ ಸ್ಕ್ರೂ ಮೇಲೆ. ಅಂಟು ಬೇಡ, ಮೊಳೆ ಬೇಡ. ಸಾಧ್ಯವಾದಷ್ಟೂ ಕುಯ್ಯಬಾರದು, ಹಲಗೆ ಹಲಗೆಯಾಗಿಯೇ ಉಳಿಯಬೇಕು. ಅಣ್ಣ ಪತ್ರ ತಂದ ದಿನ, ಆಚಾರಿಯನ್ನು ಕರೆಸಿ ಎಲ್ಲ ಬಿಚ್ಚಿಸಿ, ಟ್ರ್ಯಾಕ್ಟರಿನಲ್ಲಿ ಪೇರಿಸಿ, ತಗೋ ನಿನ್ನ ಮರ ಎಂದು ಕಳಿಸಿಬಿಡುವುದು. ಪಾಲು ಉಳಿಯುತ್ತದೆ, ಹಂಗು ಇರುವುದಿಲ್ಲ.

ಆಚಾರಿಗೆ ಇದನ್ನು ಹೇಳಿದಾಗ ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು. ಸ್ಕ್ರೂ ತಲೆಯನ್ನು ಒಳಕ್ಕೆ ಇಳಿಸಿ, ಅದರ ಮೇಲೆ ಮರದ ಪುಡಿ ಮತ್ತು ಅಂಟು ಕಲಸಿ ಮುಚ್ಚುವುದು ಅವರ ಪದ್ಧತಿ. ಅದೂ ಬೇಡ ಎಂದೆ.

"ಇದೇನ್ ಮೇಡಮ್ಮಾರೆ, ಬಾಡಿಗೆ ಮನೆಯೇನು ಇದು?" ಎಂದರು.

ಮುಂದೆ ಬೇಕೆಂದಾಗ ಬಿಚ್ಚುವ ಹಾಗಿರಲಿ ಎಂದು ಮಾತ್ರ ಹೇಳಿದೆ. ಒಳ್ಳೆಯ ಸ್ಕ್ರೂ ಬೇಕಾಗುತ್ತದೆ, ಹೊತ್ತೂ ಹಿಡಿಯುತ್ತದೆ ಎಂದು ಕೂಲಿ ಏರಿಸಿದರು. ಟೈಲ್ಸಿನ ಪೆಟ್ಟಿಗೆಯ ಮೇಲೆ ಉಳಿಸಿದ್ದ ದುಡ್ಡೆಲ್ಲ ಆ ಸ್ಕ್ರೂಗಳಿಗೆ ಹೋಯಿತು. ಪುಗಸಟ್ಟೆ ಬಂದ ಮರಕ್ಕೆ ನಾನು ಇಷ್ಟು ಖರ್ಚು ಮಾಡುವುದನ್ನು ನೋಡಿ ಗಂಡನಿಗೆ ತಲೆಕೆಟ್ಟಿತು. ಅವರಿಗೆ ಕಾರಣ ಹೇಳಿದೆ. "ನಿನಗೆ ಹುಚ್ಚು ಕಣೆ" ಎಂದು ಹೊರಗೆ ಹೋದರು. ನನಗೆ ಹುಚ್ಚಲ್ಲ, ನಾನು ಮುಂದಿನದನ್ನು ನೋಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಕೆಲಸ ನಡೆಯಿತು. ಹಲಸಿನ ಹಲಗೆ ಏರುವ ತನಕ ಅದು ಕಟ್ಟಡವಾಗಿತ್ತು, ಏರಿದ ಮೇಲೆ ಮನೆಯಾಯಿತು. ಮಲಗುವ ಕೋಣೆಯ ಬೀರು, ದೇವರಮನೆಯ ಬಾಗಿಲು, ಅಡುಗೆಮನೆಯ ಕಪಾಟು, ಎಲ್ಲದಕ್ಕೂ ಅರಿಶಿನದ ಬಣ್ಣದ ಮೈ. ಹತ್ತಿರ ಹೋದರೆ ಮಾತ್ರ ಸ್ಕ್ರೂ ತಲೆಗಳು ಸಾಲಾಗಿ ಹೊಳೆಯುತ್ತಿದ್ದವು. ನೆರೆಮನೆಯಾಕೆ ಬಂದು, ಇದು ಹೊಸ ಫ್ಯಾಷನ್ನಾ ಎಂದು ಕೇಳಿದಳು. ಹೌದು ಎಂದೆ.

ಗೃಹಪ್ರವೇಶಕ್ಕೆ ಹದಿನೈದು ದಿನ ಇರುವಾಗ ಇನ್ನೊಂದು ವಿಷಯ ಕಿವಿಗೆ ಬಿತ್ತು. ನಾನು ಶಾಲೆಯಲ್ಲಿದ್ದ ಹೊತ್ತಿನಲ್ಲಿ ಅಣ್ಣ ಬೈಕಿನಲ್ಲಿ ಬಂದು ಮನೆಯೆಲ್ಲ ಸುತ್ತಿ, ಆಚಾರಿಯ ಜೊತೆ ಮಾತಾಡಿ ಹೋಗಿದ್ದನಂತೆ. ಹೇಳಿದ್ದು ನೆರೆಮನೆಯಾಕೆ. ಆಚಾರಿಯನ್ನು ಕೇಳಿದರೆ, ಸುಮ್ಮನೆ ಬಂದಿದ್ದರು, ಮರ ಹೆಂಗೆ ಕೂತದೆ ನೋಡಿದರು ಎಂದು ಮುಖ ಕೊಡದೆ ರಂದ ಹೊಡೆಯುತ್ತಾ ಹೋದರು. ಮೂವತ್ತು ಕಿಲೋಮೀಟರು ಬೈಕು ಹೊಡೆದುಕೊಂಡು ಯಾರೂ ಸುಮ್ಮನೆ ಬರುವುದಿಲ್ಲ. ನನ್ನ ಮನೆಯ ಬೆಲೆ ಕಟ್ಟಿ ಹೋಗಿದ್ದಾನೆ, ಇಷ್ಟು ದೊಡ್ಡ ಮನೆ ಇರುವವಳಿಗೆ ಪಾಲು ಯಾಕೆ ಎಂದು ನಾಳೆ ನಾಲ್ಕು ಜನರ ಮುಂದೆ ಹೇಳಲು. ಹಾಗೆಂದೇ ಅಂದುಕೊಂಡೆ. ಗೃಹಪ್ರವೇಶಕ್ಕೆ ಕರೆಯಲು ಹೋದಾಗಲೂ ಅಣ್ಣ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅತ್ತಿಗೆಗೆ ಕುಂಕುಮ ಕೊಟ್ಟು ಎದ್ದೆ.

ಗೃಹಪ್ರವೇಶದ ದಿನ ಬೆಳಿಗ್ಗೆಯೇ ಅವರು ಬಂದರು. ತವರಿನ ಕಡೆಯಿಂದ ತರುವುದನ್ನೆಲ್ಲ ಒಂದೂ ಬಿಡದೆ ತಂದಿದ್ದರು. ಹಾಲುಕ್ಕಿಸುವ ಹೊಸ ಪಾತ್ರೆ, ನನಗೆ ಸೀರೆ, ಗಂಡನಿಗೆ ಪಂಚೆ ಶಲ್ಯ, ಮೊರದ ತುಂಬ ಅಕ್ಕಿ, ಬೆಲ್ಲ, ತೆಂಗಿನಕಾಯಿ. ಸೀರೆ ನಿಜವಾಗಿಯೂ ಒಳ್ಳೆಯ ರೇಷ್ಮೆ. ಅದನ್ನು ಉಟ್ಟುಕೊಳ್ಳುವಾಗ ನನಗೆ ಕನ್ನಡದ ಮೇಡಂ ನೆನಪಾದರು. ಹಾಲು ಉಕ್ಕಿತು, ಮೂಡಲ ಕಡೆಗೇ ಉಕ್ಕಿತು ಎಂದು ಎಲ್ಲರೂ ಸಂತೋಷಪಟ್ಟರು. ನಾನು ಅಣ್ಣನ ಅಂಗಿಯ ಜೇಬನ್ನೇ ನೋಡುತ್ತಿದ್ದೆ. ಪತ್ರ ಮಡಚಿಟ್ಟರೆ ಜೇಬು ಉಬ್ಬುತ್ತದೆ. ಉಬ್ಬಿರಲಿಲ್ಲ. ಹಾಗಾದರೆ ಅತ್ತಿಗೆಯ ಬ್ಯಾಗಿನಲ್ಲಿರಬೇಕು ಎಂದುಕೊಂಡೆ.

ಊಟ ಮುಗಿದು, ಬಂದವರೆಲ್ಲ ತಾಂಬೂಲ ತೆಗೆದುಕೊಂಡು ಹೋದ ಮೇಲೆ ಅಣ್ಣ ಕಾಣಲಿಲ್ಲ. ಹುಡುಕಿದರೆ ಮಲಗುವ ಕೋಣೆಯಲ್ಲಿ ಬೀರಿನ ಮುಂದೆ ನಿಂತಿದ್ದ. ಹೆಬ್ಬೆರಳಿನಿಂದ ಸ್ಕ್ರೂ ತಲೆಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದ. ನಾನು ಬಾಗಿಲ ಹತ್ತಿರ ನಿಂತೆ.

"ಎಲ್ಲಾಕೂ ಇಸ್ಕ್ರೂನೇ ಆಕ್ಸಿದೀಯಲ್ಲವ್ವ" ಎಂದ.

"ಹೂಂ" ಎಂದೆ.

"ಆಚಾರಿ ಏಳ್ದ. ಬಿಚ್ಚಕ್ಕೆ ಸಲೀಸಾಗ್ಲಿ ಅಂದ್ಯಂತೆ."

ಅಂದರೆ ಹದಿನೈದು ದಿನದಿಂದ ಅವನಿಗೆ ಗೊತ್ತು. ಗೊತ್ತಿದ್ದೂ ಪಾತ್ರೆ ತಂದ, ಸೀರೆ ತಂದ, ಬಂದವರಿಗೆಲ್ಲ ನಿಂತು ಪಾಯಸ ಬಡಿಸಿದ. ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಸಿಟ್ಟು. ಇಷ್ಟು ದಿನ ಕಾದು ಕಾದು ಸಾಕಾಗಿತ್ತು.

"ಅಣ್ಣ, ಸೈನು ಬೇಕಾಗಿದ್ದರೆ ನೇರವಾಗಿ ಕೇಳು. ಪತ್ರ ತಂದಿದ್ದರೆ ಕೊಡು" ಎಂದೆ.

ಅವನು ತಿರುಗಿ ನೋಡಲಿಲ್ಲ. ಬೀರಿಗೇ ಹೇಳುವವನ ಹಾಗೆ ಹೇಳಿದ.

"ಸುಳ್ಳೇಳಾಕಿಲ್ಲ ಕಣವ್ವ. ಸೈನು ಬೇಕಿತ್ತು, ಬ್ಯಾಂಕ್ನೋರು ಕೇಳವ್ರೆ. ಇವತ್ತಲ್ದಿದ್ರೆ ನಾಳೆ ಕೇಳಾನ ಅಂತ್ಲೇ ಇದ್ದೆ. ಆದ್ರೆ ಮರ ಬ್ಯಾರೆ, ಸೈನು ಬ್ಯಾರೆ. ನೀನು ಎರಡ್ನೂ ಒಂದೇ ಇಸ್ಕ್ರೂಗೆ ಸೇರ್ಸಿದೀಯ. ಈಗ ನಾನು ಕೇಳುದ್ರೆ ನೀನು ಇದ್ನೆಲ್ಲ ಬಿಚ್ಚಿ ಕೊಟ್ಬುಡ್ತೀಯ. ಅವ್ವನ ಮರವ ಬಿಚ್ಚುಸ್ಕೊಂಡು ಊರ್ಗೆಂಗೆ ತಕ್ಕೊಂಡೋಗ್ಲಿ? ಅದ್ಕೇ ಕೇಳಾಕಿಲ್ಲ ಬುಡು."

ಆಮೇಲೆ ಕಾಫಿ ಕೇಳಿದ. ಕುಡಿದು, ಲೋಟವನ್ನು ತಾನೇ ತೊಳೆಯುವ ಕಡೆ ಇಟ್ಟು, ಅತ್ತಿಗೆಯನ್ನು ಕರೆದುಕೊಂಡು ಬಸ್ಸಿಗೆ ಹೋದ. ಬಸ್ ಸ್ಟಾಪಿನವರೆಗೆ ಬಿಟ್ಟು ಬರುತ್ತೇನೆ ಎಂದ ನನ್ನ ಗಂಡನಿಗೂ ಬೇಡ ಎಂದ.

ನನ್ನ ಅನುಮಾನ ನಿಜವಾಗಿತ್ತು. ಒಬ್ಬಟ್ಟು ನೋಡಿದ ದಿನವೇ ನಾನು ಸರಿಯಾಗಿ ಕಂಡುಹಿಡಿದಿದ್ದೆ, ಅವನಿಗೆ ಸೈನು ಬೇಕಿತ್ತು. ಆದರೆ ಲೆಕ್ಕದ ಮಧ್ಯದ ಒಂದು ಸಾಲು ತಪ್ಪಿತ್ತು, ಉತ್ತರ ಮಾತ್ರ ಸರಿ. ಮಕ್ಕಳು ಹೀಗೆ ಮಾಡಿದರೆ ನಾನು ಅರ್ಧ ಅಂಕ ಕಳೆಯುತ್ತೇನೆ. ಅಣ್ಣ ಮೊದಲ ದಿನವೇ, ಮರದ ಮಾತೇ ಇಲ್ಲದೆ, ಸೈನು ಹಾಕವ್ವ ಎಂದಿದ್ದರೆ ಹಾಕಿಬಿಡುತ್ತಿದ್ದೆನೋ ಏನೋ. ಹಾಕುತ್ತಿರಲಿಲ್ಲವೇನೋ. ಈಗ ಹೇಳುವುದು ಕಷ್ಟ.

ಹೊಸ ಮನೆಯಲ್ಲಿ ನನಗೆ ಸುಖವಾಗಲಿಲ್ಲ. ಬೆಳಿಗ್ಗೆ ಸೀರೆ ತೆಗೆಯಲು ಬೀರಿನ ಮುಂದೆ ನಿಂತರೆ ಆ ಸ್ಕ್ರೂಗಳು ನನ್ನನ್ನೇ ನೋಡುತ್ತಿದ್ದವು. ಹಲಸಿನ ಹಳದಿ ತಿಂಗಳು ಕಳೆದಂತೆ ಕೆಂಪಿಗೆ ತಿರುಗಿತು, ಸ್ಕ್ರೂ ಮಾತ್ರ ಹಾಗೇ ಬೆಳ್ಳಗೆ ಉಳಿಯಿತು. ಊರಿಂದ ಬಂದವರು, ಅಣ್ಣನ ಕೊಟ್ಟಿಗೆಯ ಪಾಯದಲ್ಲಿ ಗಿಡ ಬೆಳೆದಿದೆ ಎಂದರು. ಗಂಡ ನನ್ನನ್ನು ಸಿಐಡಿ ಎಂದು ಕರೆಯುವುದನ್ನೂ ಬಿಟ್ಟಿದ್ದರು, ಅದು ನನಗೆ ಇನ್ನೂ ಕಷ್ಟವಾಯಿತು.

ಕೊನೆಗೆ ನಾನೇ ಆಚಾರಿಯನ್ನು ಕರೆಸಿದೆ. ಸ್ಕ್ರೂ ತಲೆಗಳನ್ನೆಲ್ಲ ಒಳಗಿಳಿಸಿ, ಹಲಗೆಗೆ ಅಂಟು ಹಾಕಿ ಕೂರಿಸಿ, ಮೇಲೆ ಮುಚ್ಚಿಬಿಡಿ ಎಂದೆ. ಅವರು ಹೇಳಿದ ಕೂಲಿ ಜಾಸ್ತಿಯಾಯಿತು ಎಂದು ಜಗಳವಾಡಿದೆ. ತಂದ ಅಂಟಿನ ಡಬ್ಬ ಪೂರ್ತಿ ಖರ್ಚಾಯಿತೋ ಇಲ್ಲವೋ ಎಂದು ಎತ್ತಿ ನೋಡಿದೆ. ಸಂಜೆ ಹೊತ್ತಿಗೆ ಬೀರು ಬೀರಿನ ಹಾಗೆ ಕಂಡಿತು. ಇನ್ನು ಅದನ್ನು ಬಿಚ್ಚಬೇಕಾದರೆ ಒಡೆಯಬೇಕು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆ ನಿರಾಳದಲ್ಲೇ ಅಣ್ಣನಿಗೆ ಫೋನು ಮಾಡಿದೆ.

ಬರುವ ಶನಿವಾರ ಮಂಡ್ಯಕ್ಕೆ ಬರುತ್ತೇನೆ, ಪತ್ರ ಬರೆಸಿಟ್ಟಿರು, ಸೈನು ಹಾಕಿ ಬರುತ್ತೇನೆ ಎಂದೆ. ನನಗೆ ಏನೂ ಬೇಡ, ನೀನು ಕೊಟ್ಟಿಗೆ ಕಟ್ಟಿಸು ಎಂದೂ ಹೇಳಿದೆ. ಅವನು ಸಂತೋಷಪಡುತ್ತಾನೆ ಎಂದು ಕಾದೆ. ಆ ಕಡೆಯಿಂದ ಎಮ್ಮೆಯ ಕೊರಳ ಗಂಟೆ ಕೇಳುತ್ತಿತ್ತು. ನಾನು ಹೇಳಿದ್ದು ಕೇಳಿಸಿತೋ ಇಲ್ಲವೋ ಎಂದು ಹಲೋ ಎಂದೆ.

ನನಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂತಿರುತ್ತಿದ್ದ ಅಣ್ಣ, ನಾನು ಹೇಳಿದ್ದನ್ನು ಒಂದು ದಿನವೂ ಅನುಮಾನಿಸದ ಅಣ್ಣ, ಅಳೆದು ತೂಗಿ ನಿಧಾನವಾಗಿ ಕೇಳಿದ.

"ಯಾಕವ್ವ? ಈಗ ಏನ್ ಬೇಕಿತ್ತು ನಿಂಗೆ?"